ಪ್ರವೇಶದ ದಿನ ಬಾರದ ವಿದ್ಯಾರ್ಥಿವೇತನ ಯಾರಿಗಾಗಿ?



ಕೂಲಿಯವರ ಮಕ್ಕಳನ್ನು ತಾಂತ್ರಿಕ ಕಾಲೇಜಿಗೆ ಕಳಿಸಲು ಸರಕಾರದಲ್ಲಿ ಹಣವಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹಣವಿದೆ, ಯೋಜನೆಗಳೂ ಇವೆ. ಮಹಾರಾಷ್ಟ್ರದಲ್ಲಿ ರಾಜರ್ಷಿ ಛತ್ರಪತಿ ಶಾಹು ಮಹಾರಾಜರ ಹೆಸರಿನ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಇದೆ. ಡಾ. ಪಂಜಾಬರಾವ್ ದೇಶಮುಖರ ಹೆಸರಿನ ವಸತಿಗೃಹ ಭತ್ಯೆ ಇದೆ. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ ಇದೆ; ಒಂದು ಮನೆಯ ಇಬ್ಬರು ಹುಡುಗಿಯರವರೆಗೆ ಅದು ಸಿಗುತ್ತದೆ. 2024-25ರಿಂದ ಹಿಂದುಳಿದ ವರ್ಗದ ಮತ್ತು ಆರ್ಥಿಕವಾಗಿ ದುರ್ಬಲ ಮನೆಗಳ ಹೆಣ್ಣುಮಕ್ಕಳಿಗೆ, ಮನೆಯ ವರಮಾನ 8 ಲಕ್ಷದೊಳಗಿದ್ದರೆ, ವೃತ್ತಿಪರ ಕೋರ್ಸಿನ ಶಿಕ್ಷಣ ಶುಲ್ಕವನ್ನು ಪೂರ್ತಿ ಮನ್ನಾ ಮಾಡಲಾಗಿದೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಈ ಹಣ ಬಡವನ ಮಗುವಿಗೆ ಯಾವ ದಿನ ತಲುಪುತ್ತದೆ? ನನ್ನ ತಕರಾರು ಇರುವುದು ಈ ಒಂದು ಪ್ರಶ್ನೆಯಲ್ಲಿ.

ಶಿಷ್ಯವೃತ್ತಿಗೆ ಅರ್ಜಿ ಹಾಕುವುದು ಪ್ರವೇಶ ಪಡೆದ ಮೇಲೆ. ಆಮೇಲೆ ಕಾಲೇಜು ಪರಿಶೀಲಿಸಬೇಕು, ಇಲಾಖೆ ಪರಿಶೀಲಿಸಬೇಕು, ಆಧಾರ್ ಜೋಡಿಸಿದ ಖಾತೆಗೆ ಕಂತಿನಲ್ಲಿ ಹಣ ಬರಬೇಕು. ಹಣ ಬರುವವರೆಗೆ ಮೆಸ್ಸಿನವನು ಕಾಯುವುದಿಲ್ಲ, ಬಾಡಿಗೆ ಕೋಣೆಯವನು ಕಾಯುವುದಿಲ್ಲ. ಅರ್ಹ ವಿದ್ಯಾರ್ಥಿಗಳಿಂದ ಪ್ರವೇಶದ ವೇಳೆ ಶುಲ್ಕ ಕೇಳಬಾರದೆಂದು ಸರಕಾರವೇ ಕಾಲೇಜುಗಳಿಗೆ ಹೇಳಿದ್ದರೂ, ‘ಈಗ ಕಟ್ಟಿರಿ, ಬಂದಾಗ ಹಿಂದಿರುಗಿಸುತ್ತೇವೆ’ ಎನ್ನುವ ಕಾಲೇಜುಗಳು ಇಲ್ಲದಿಲ್ಲ.

ಆ ದಿನ ತಂದೆ ಏನು ಮಾಡಬೇಕು? ಪಗಾರವಿದ್ದವನು ಬ್ಯಾಂಕಿಗೆ ಹೋಗುತ್ತಾನೆ. ದೇವಣಿ, ನಿಲಂಗಾ, ಉದಗೀರ, ಉಮರ್ಗಾ ಕಡೆಯ ಕೂಲಿಯವನು ಹೋಗುವುದು ಕಬ್ಬು ಕಡಿಸುವ ಮುಕಾದಮನ ಬಳಿಗೆ. ಮುಕಾದಮ ‘ಉಚಲು’ ಕೊಡುತ್ತಾನೆ, ಅಂದರೆ ಮುಂಗಡ. ಅದನ್ನು ತೀರಿಸಲು ಗಂಡ ಹೆಂಡತಿ ಇಬ್ಬರೂ ಒಂದು ‘ಕೊಯ್ತಾ’ ಆಗಿ ಕಾರ್ಖಾನೆಯ ಹಂಗಾಮು ಮುಗಿಯುವ ತನಕ ದೂರದ ಹೊಲಗಳಲ್ಲಿ ಬೆನ್ನು ಬಗ್ಗಿಸಬೇಕು. ತೋಟದ ಲೈನುಮನೆಗಳಲ್ಲಿ ಬಾಳುವ ನಿಮಗೆ ಮುಂಗಡವೆಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೂಲಿಯಿಂದ ಬಿಡಿಸಲೆಂದು ಹೊರಟ ಓದು ಮನೆಯವರನ್ನು ಇನ್ನೊಂದು ವರ್ಷ ಕೂಲಿಗೆ ಕಟ್ಟಿಹಾಕುತ್ತದೆ. ಮುಕಾದಮನು ಕೊಡುವಷ್ಟು ಬೇಗ ಸರಕಾರ ಕೊಡಲಾರದೇ?

ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬ ಧರ್ಮ ನಮ್ಮ ಹಿರಿಯರಿಗೆ ಗೊತ್ತಿತ್ತು. ತಡವಾಗಿ ಕೊಟ್ಟ ಹಣದ ಲೆಕ್ಕ ಸರಿಯಿರಬಹುದು. ಹಸಿದವನ ಪಾಲಿಗೆ ಅದು ಸುಳ್ಳೇ.

ಇನ್ನು ವಹಿಯ ಮಾತು. ಪಂಜಾಬರಾವ್ ದೇಶಮುಖ್ ಭತ್ಯೆ ಸಣ್ಣ ಹಿಡುವಳಿದಾರರ ಮತ್ತು ‘ನೋಂದಾಯಿತ’ ಕಾರ್ಮಿಕರ ಮಕ್ಕಳಿಗೆ. ನಮ್ಮವರ ಹೆಸರು ಮುಕಾದಮನ ವಹಿಯಲ್ಲಿ ತಪ್ಪದೆ ಇರುತ್ತದೆ. ಸರಕಾರದ ವಹಿಯಲ್ಲಿ ಇದೆಯೇ? ದುಡಿಮೆ ಕಣ್ಣಿಗೆ ಕಾಣುತ್ತಿದ್ದರೂ ಚೀಟಿಯಿಲ್ಲದವನು ಕಾರ್ಮಿಕನಲ್ಲವೆಂಬುದು ಯಾವ ನ್ಯಾಯ?

ಗಡಿಯ ಗೋಳು ಬೇರೆಯೇ ಇದೆ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಇಂದಿಗೂ ದೇವಣಿಯ ಹುಡುಗನಿಗೆ ಬೀದರ, ಭಾಲ್ಕಿ ನೆರೆಯೂರುಗಳೇ. ಆದರೆ ಅಲ್ಲಿ ಕಲಿಯಲು ಹೋದರೆ ಶಾಹು ಮಹಾರಾಜ ಶಿಷ್ಯವೃತ್ತಿ ಇಲ್ಲ; ಅದು ಮಹಾರಾಷ್ಟ್ರದೊಳಗಿನ ಕಾಲೇಜಿಗೆ ಮಾತ್ರ. ಕರ್ನಾಟಕದ ವಿದ್ಯಾರ್ಥಿವೇತನ ಕರ್ನಾಟಕದ ನಿವಾಸಿಗಳಿಗೆ. ಕರ್ನಾಟಕದ ಸಿ.ಇ.ಟಿ. ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಕಲಮೊಂದಿದೆ. ಅದರಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರಿದೆ. ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಇಲ್ಲ. ಅತ್ತ ಮಹಾರಾಷ್ಟ್ರವು ತಾನು ಹಕ್ಕು ಹೇಳುವ ಕರ್ನಾಟಕದ 865 ಊರುಗಳ ಮರಾಠಿ ಮಕ್ಕಳಿಗೆ ತನ್ನ ಕಾಲೇಜುಗಳಲ್ಲಿ ಅವಕಾಶ ಕೊಡುತ್ತದೆ. ಆ ಮಕ್ಕಳ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರೂ ನಮ್ಮಂಥ ಬಡವರೇ. ಎರಡೂ ಸರಕಾರಗಳಿಗೆ ಭೂಮಿಯ ಮೇಲಿರುವ ಪ್ರೀತಿಯಲ್ಲಿ ಸ್ವಲ್ಪ ಮಕ್ಕಳ ಮೇಲೂ ಇರಲಿ ಎಂಬುದಷ್ಟೇ ನಮ್ಮ ಮಾತು.

ಇದೆಲ್ಲ ಈಗೇಕೆ ಎಂದು ಕೇಳಬಹುದು. ಲಾತೂರಿನಲ್ಲಿ ಮರಾಠವಾಡಾ ರೈಲು ಬೋಗಿ ಕಾರ್ಖಾನೆ ಎದ್ದಿದೆ. 120 ವಂದೇ ಭಾರತ್ ಸ್ಲೀಪರ್ ರೈಲುಗಳನ್ನು ಅಲ್ಲಿ ಕಟ್ಟಲು 2023ರಲ್ಲಿ ಭಾರತ-ರಷ್ಯ ಕಂಪನಿಗೆ ಗುತ್ತಿಗೆ ಕೊಡಲಾಯಿತು. ಅಂಥ ಕಾರ್ಖಾನೆಗೆ ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕು. ನಮ್ಮ ಮನೆಬಾಗಿಲಿನ ಆ ಕೆಲಸಕ್ಕೆ ನಮ್ಮ ಹುಡುಗರು ಕಸುಬುದಾರರಾಗಿ ಹೋಗಬೇಕೋ, ಗೇಟಿನ ಹೊರಗೆ ಮಣ್ಣು ಹೊರಲು ಹೋಗಬೇಕೋ? ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಯಾವ ಕಸುಬಿಗೆ ಜನ ಸಾಲದೋ ಅದನ್ನು ಪಟ್ಟಿ ಮಾಡಿ, ವೆಲ್ಡಿಂಗ್, ಲಾರಿ ಚಾಲನೆ, ನರ್ಸಿಂಗ್ ಮುಂತಾದವನ್ನು ತಾಂತ್ರಿಕ ಕಾಲೇಜಿನಲ್ಲಿ ಕಲಿಯುವವರಿಗೆ ಹೆಚ್ಚಿನ ನೆರವು ಕೊಡುತ್ತಾರೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಿಲ್ಲ?

ಹಿಂದೆ ಸುಳ್ಳು ಹೆಸರಿನ ಮೇಲೆ ಹಣ ಎತ್ತಿದ ಕಾಲೇಜುಗಳಿದ್ದವು, ಆದುದರಿಂದ ಪರಿಶೀಲನೆ ಬೇಕೇ ಬೇಕು ಎಂದು ಅಧಿಕಾರಿಗಳು ಹೇಳುವರು. ಬೇಕು, ನಾವೂ ಒಪ್ಪುತ್ತೇವೆ. ಆದರೆ ಕದ್ದದ್ದು ಕಾಲೇಜು, ಕಾಯುವುದು ಮಗು! ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಜಾತಿ, ವರಮಾನದ ಕಾಗದಗಳನ್ನು ನೋಡಿ ಮಂಜೂರಾತಿ ಪತ್ರವನ್ನು ಮಗುವಿನ ಕೈಗೇ ಕೊಡಲಿ. ಅದನ್ನು ತೋರಿಸಿದವನ ಹತ್ತಿರ ಕಾಲೇಜು ಒಂದು ಪೈಸೆಯನ್ನೂ ಕೇಳಬಾರದು.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲ ಕಂತು ಪ್ರವೇಶದ ದಿನವೇ ಸಿಗಬೇಕು. ಕಬ್ಬು ಕಡಿಯುವವರನ್ನು ಊರಿಗೇ ಬಂದು ನೋಂದಾಯಿಸಬೇಕು. ಗಡಿ ತಾಲೂಕಿನ ಮಗು ಯಾವ ಕಡೆ ಕಲಿತರೂ ಅದರ ನೆರವು ಹಿಂದೆಯೇ ಬರಬೇಕು. ಲಾತೂರಿನ ಕಾರ್ಖಾನೆಗೆ ಬೇಕಾದ ಕಸುಬುಗಳನ್ನು ಕಲಿಯುವ ಕೂಲಿಯವರ ಮಕ್ಕಳಿಗೆ ಊಟ ವಸತಿ ಸಹಿತ ಪೂರ್ಣ ವೇತನ ಕೊಡಬೇಕು.

ನಾವು ಮಾಡಬೇಕಾದದ್ದೂ ಇದೆ. ವರಮಾನದ ದಾಖಲೆ, ಜಾತಿ ದಾಖಲೆ, ನಿವಾಸ ದಾಖಲೆಗಳನ್ನು ಪರೀಕ್ಷೆಗೆ ಮೊದಲೇ ಮಾಡಿಸಿ ಇಡಿರಿ. ಬ್ಯಾಂಕಿನ ಖಾತೆಗೆ ಆಧಾರ್ ಜೋಡಿಸಿರಿ. ಶುಲ್ಕ ಕೇಳಿದ ಕಾಲೇಜಿನಿಂದ ರಸೀದಿಯನ್ನು ಪಡೆಯದೆ ಬರಬೇಡಿರಿ. ಆ ರಸೀದಿಯೇ ನಾಳೆ ನಮ್ಮ ಸಾಕ್ಷಿ. ಒಬ್ಬೊಬ್ಬರೇ ಕಚೇರಿಗೆ ಹೋದರೆ ‘ನಾಳೆ ಬಾ’ ಎನ್ನುತ್ತಾರೆ. ಇಪ್ಪತ್ತು ಮಂದಿ ಕೂಡಿ ಹೋದರೆ ಕುರ್ಚಿ ಹಾಕುತ್ತಾರೆ. ಕೂಡಿ ಹೋಗೋಣ.