ಬೇಡವಾದ ಭಾವಚಿತ್ರ

ಭಾವಚಿತ್ರವನ್ನು ತೆಗೆಯಿಸಿಕೊಂಡವರಲ್ಲಿ ಅದು ತಮ್ಮಂತೆಯೇ ಇರುವುದೆಂದು ಒಪ್ಪಿಕೊಳ್ಳುವವರು ವಿರಳ. ಮನೆಯವರೆಲ್ಲರೂ ಚೆನ್ನಾಗಿ ಬಂದಿದೆಯೆಂದರೂ, ಚಿತ್ರದಲ್ಲಿರುವವರಿಗೆ ಮಾತ್ರ ಮೂಗಿನಲ್ಲಿಯೋ ಗಲ್ಲದಲ್ಲಿಯೋ ಏನೋ ಒಂದು ಕೊರತೆ ತೋರುವುದು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಚಿತ್ರವನ್ನು ಮುಂದಿಟ್ಟುಕೊಂಡು, ಅದಿನ್ನೂ ಸೇರಬೇಕು, ಇದಿನ್ನೂ ಸೇರಬೇಕು ಎಂದು ಹಂಬಲಿಸುವುದನ್ನು ವಾಚಕರು ಬಲ್ಲರು. ಕುಂಚವು ಕೈಯಲ್ಲಿರುವವನಿಗೆ ಆ ಸೌಕರ್ಯವುಂಟು. ನಮ್ಮ ಬಾಲ್ಯದ ಸ್ಟುಡಿಯೋಗಳಲ್ಲಿಯೂ ಅದು ಸ್ವಲ್ಪಮಟ್ಟಿಗೆ ಇದ್ದಿತು. ನೆಗೆಟಿವಿನ ಮೇಲೆ ಮೊನಚಾದ ಪೆನ್ಸಿಲಿನಿಂದ ತಿದ್ದಿ, ಮುಖದ ಕಲೆಗಳನ್ನು ಮರೆಸಿ, ಕೆಲವು ದಿನಗಳ ಮೇಲೆ ಪ್ರತಿಯನ್ನು ಕೊಡುತ್ತಿದ್ದರು. ಇಂತಹ ತಿದ್ದುಪಡಿಗೆ ಎಡೆಯೇ ಇಲ್ಲದ ಒಂದು ಬಗೆಯ ಭಾವಚಿತ್ರವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

1943ರಲ್ಲಿ ಅಮೆರಿಕದ ಸಾಂತಾ ಫೆ ಪಟ್ಟಣದಲ್ಲಿ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿಯನ್ನು ಅವರ ಮೂರು ವರ್ಷದ ಮಗಳು, ಈಗ ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಬಾರದೆಂದು ಕೇಳಿದಳಂತೆ. ಮಕ್ಕಳ ಪ್ರಶ್ನೆಗೆ ಬಾಯಿಮುಚ್ಚೆನ್ನುವ ತಂದೆಯರೇ ಲೋಕದಲ್ಲಿ ಹೆಚ್ಚು. ಲ್ಯಾಂಡ್ ಮಹಾಶಯರು ಹಾಗೆನ್ನಲಿಲ್ಲ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನ ವಿದ್ವತ್ಸಭೆಯೊಂದರಲ್ಲಿ ಎರಡು ಹಾಳೆಗಳನ್ನು ಬಿಡಿಸಿ, ಆಗ ತಾನೇ ತೆಗೆದ ತಮ್ಮ ಮುಖದ ದೊಡ್ಡ ಚಿತ್ರವನ್ನೇ ತೋರಿಸಿದರು. ಅವರು ಸ್ಥಾಪಿಸಿದ ಪೋಲರಾಯ್ಡ್ ಸಂಸ್ಥೆಯು 1976ರಲ್ಲಿ ಒಂದು ಭೀಮಕಾಯದ ಕ್ಯಾಮೆರಾವನ್ನು ನಿರ್ಮಿಸಿತು. ಅದರ ತೂಕ ಸುಮಾರು ನೂರು ಕಿಲೋಗ್ರಾಂ. ಅದರಿಂದ ಹೊರಬರುವ ಚಿತ್ರದ ಅಳತೆ 20 ಅಂಗುಲ ಅಗಲ, 24 ಅಂಗುಲ ಎತ್ತರ. ಇಂತಹವು ಬೆರಳೆಣಿಕೆಯಷ್ಟು ಮಾತ್ರ ತಯಾರಾದುವು.

ಇದರ ಕ್ರಿಯೆ ಸ್ವಾರಸ್ಯವಾದುದು. ಬೆಳಕನ್ನು ಗ್ರಹಿಸುವ ಹಾಳೆಯಲ್ಲಿ ಬಣ್ಣಗಳು ಮೊದಲೇ ಅಡಗಿರುವುವು. ಚಿತ್ರವನ್ನು ತೆಗೆದೊಡನೆ ಅದನ್ನೂ ಇನ್ನೊಂದು ಹಾಳೆಯನ್ನೂ ಉರುಳೆಗಳ ನಡುವೆ ಎಳೆದರೆ, ಚೀಲದಲ್ಲಿರುವ ಕ್ಷಾರದ್ರವವು ಒಡೆದು ಎರಡರ ಮಧ್ಯದಲ್ಲಿ ಹರಡುವುದು. ಬೆಳಕು ಬಿದ್ದ ಎಡೆಯಲ್ಲಿ ಬಣ್ಣವು ಸೆರೆಸಿಕ್ಕಿ ಅಲ್ಲಿಯೇ ನಿಲ್ಲುವುದು. ಬೀಳದ ಎಡೆಯಲ್ಲಿ ಬಿಡುಗಡೆ ಹೊಂದಿ ಎದುರು ಹಾಳೆಗೆ ದಾಟುವುದು. ಒಂದೂವರೆ ನಿಮಿಷದೊಳಗಾಗಿ ಹಾಳೆಗಳನ್ನು ಬಿಡಿಸಿದರೆ ಮುಖವು ಸಿದ್ಧ. ಉಳಿದ ಹಾಳೆಯಿಂದ ಮತ್ತೊಂದು ಪ್ರತಿಯನ್ನು ಅಚ್ಚುಮಾಡುವಂತಿಲ್ಲ. ಅದೊಂದೇ ಚಿತ್ರ, ಅದ್ವಿತೀಯ. ಕುಳಿತವರಿಗೂ ಇದು ಸುಲಭವಲ್ಲ. ಚಿತ್ರವು ಹಿರಿದಾದಷ್ಟೂ ಸ್ಫುಟವಾಗಿ ಕಾಣುವ ಆಳವು ಕಿರಿದಾಗುವುದರಿಂದ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿದರೂ ಕಣ್ಣುಗಳು ಮಸುಕಾದಾವು. ಅದಕ್ಕಾಗಿ ಮಸೂರದ ರಂಧ್ರವನ್ನು ಅತಿ ಕಿರಿದುಮಾಡಿದರೆ, ಪ್ರಬಲವಾದ ಮಿಂಚುದೀಪಗಳಿಲ್ಲದೆ ಏನೂ ಮೂಡದು.

ಈ ಯಂತ್ರದೊಡನೆ ದೀರ್ಘಕಾಲ ಬಾಳಿದವರು ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದ ಎಲ್ಸಾ ಡಾರ್ಫ್‌ಮನ್ ಎಂಬ ಮಹಿಳೆ. 1937ರಲ್ಲಿ ಜನಿಸಿದ ಆಕೆ 1980ರಲ್ಲಿ ಇದರಿಂದ ಚಿತ್ರ ತೆಗೆಯಲಾರಂಭಿಸಿ, ಮುಂದೆ ಒಂದನ್ನು ಬಾಡಿಗೆಗೆ ಪಡೆದು ತಮ್ಮ ಸ್ಟುಡಿಯೋದಲ್ಲಿರಿಸಿಕೊಂಡರು. ದಂಪತಿಗಳು, ಮಕ್ಕಳು, ಅಜ್ಜಿಯರು, ಸಾಕುನಾಯಿಗಳು, ಎಲ್ಲರೂ ಬೆಳ್ಳನೆಯ ಹಿನ್ನೆಲೆಯ ಮುಂದೆ ನಿಲ್ಲುತ್ತಿದ್ದರು. ಅವರವರ ಆತ್ಮವನ್ನು ಹಿಡಿಯುವುದು ತಮ್ಮ ಉದ್ದೇಶವಲ್ಲ, ಅವರು ಕಾಣುವ ಬಗೆಯೇ ತಮಗೆ ಸಾಕೆಂದು ಆಕೆ ಹೇಳುತ್ತಿದ್ದರು. ಭಾವಚಿತ್ರವೆಂಬ ಹೆಸರನ್ನಿಟ್ಟುಕೊಂಡ ನಮಗೆ ಈ ಮಾತು ಮೊದಲು ಒಗರಾಗಿ ತೋರಿದರೂ, ಯೋಚಿಸಿದಷ್ಟೂ ಅದರ ಪ್ರಾಮಾಣಿಕತೆ ಮೆಚ್ಚಿಕೆಯಾಗುವುದು. ಚಿತ್ರದ ಅಂಚಿನಲ್ಲಿ ಹೆಸರನ್ನೂ ದಿನಾಂಕವನ್ನೂ ಶಾಯಿಯಿಂದ ಸ್ವಹಸ್ತದಲ್ಲಿ ಬರೆಯುವುದು ಆಕೆಯ ಪದ್ಧತಿ.

ಒಬ್ಬೊಬ್ಬರಿಗೂ ಎರಡು ಚಿತ್ರಗಳನ್ನು ಮಾತ್ರ ಆಕೆ ತೆಗೆಯುತ್ತಿದ್ದರು. ಬಂದವರು ಎರಡನ್ನೂ ನೋಡಿ, ಒಂದನ್ನು ಆರಿಸಿ ಕೊಂಡೊಯ್ಯುವರು. ಮತ್ತೊಂದು ಆಕೆಯ ಬಳಿ ಉಳಿಯುವುದು. ಇಂದು ಕೈಗೊಂದು ಫೋನು ಬಂದು, ಕ್ಷಣದಲ್ಲಿ ನಲವತ್ತು ಚಿತ್ರಗಳನ್ನು ತೆಗೆದು ಮೂವತ್ತೊಂಬತ್ತನ್ನು ಅಳಿಸಿಬಿಡುವ ನಮ್ಮ ಮನೆಗಳ ಮಕ್ಕಳು ಈ ಸಂಗತಿಯನ್ನು ಗಮನಿಸಬೇಕು. ಅಳಿಸುವ ಬೆರಳಿಗೆ ಮುಂದಿನದು ತಿಳಿಯದು. ಕಣ್ಣು ಅರೆಮುಚ್ಚಿತೆಂದು, ಸೆರಗು ಜಾರಿತೆಂದು, ನಗು ಮೀರಿತೆಂದು ಬೇಡವೆನಿಸಿದ ಚಿತ್ರವನ್ನೇ, ಆ ವ್ಯಕ್ತಿಯು ಇಲ್ಲವಾದ ಮೇಲೆ ಮನೆಯವರು ಹುಡುಕುವರು. ಗೋಡೆಗೆ ತೂಗುಹಾಕಿದ ಗಂಭೀರವದನಕ್ಕೆ ಹೂವಿನ ಹಾರವೇನೋ ಬೀಳುವುದು; ಆದರೆ ಅಡಿಗೆಮನೆಯಲ್ಲಿ ಗದರುತ್ತಿದ್ದ, ಮೊಮ್ಮಕ್ಕಳನ್ನು ನೋಡಿ ಬಾಯ್ತುಂಬ ನಗುತ್ತಿದ್ದ ಮುಖವು ಅದಲ್ಲವೆಂದು ಎಲ್ಲರೂ ಬಲ್ಲರು. ತನ್ನ ಚಿತ್ರದಲ್ಲಿ ಯಾವುದು ಚೆನ್ನೆಂದು ತೀರ್ಮಾನಿಸುವುದಕ್ಕೆ ಅದರಲ್ಲಿರುವವರಿಗಿಂತ ಅಸಮರ್ಥರು ಬೇರಿಲ್ಲವೆಂಬುದು ನಮ್ಮ ಅಭಿಪ್ರಾಯ. ವಾಚಕರು ಒಪ್ಪದಿದ್ದರೆ ತಮ್ಮ ಪೆಟ್ಟಿಗೆಯಲ್ಲಿರುವ ಹಳೆಯ ಲಕೋಟೆಗಳನ್ನು ಒಮ್ಮೆ ಬಿಚ್ಚಿ ನೋಡಬಹುದು.

ಪೋಲರಾಯ್ಡ್ ಸಂಸ್ಥೆಯು ಶೀಘ್ರಚಿತ್ರದ ಫಿಲ್ಮಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2008ರಲ್ಲಿ ಸಾರಿತು. ಉಳಿದ ದಾಸ್ತಾನಿನಿಂದ ಆಕೆ ಇನ್ನೂ ಕೆಲವು ವರ್ಷ ಕೆಲಸ ಸಾಗಿಸಿದರು. ಎರಾಲ್ ಮಾರಿಸ್ ಎಂಬುವರು ಆಕೆಯನ್ನು ಕುರಿತು ತೆಗೆದ ಚಲನಚಿತ್ರವು 2016ರಲ್ಲಿ ತೆರೆಕಂಡಿತು. ಆರಿಸದೆ ಉಳಿದ ಈ ಎರಡನೆಯ ಚಿತ್ರಗಳಿಂದಲೇ ಅದಕ್ಕೆ ಹೆಸರು ಬಂದಿತು. ಅದರಲ್ಲಿ ಆಕೆ ಅಗಲವಾದ ಡ್ರಾಯರುಗಳನ್ನು ಎಳೆದು, ಹಾಳೆಗಳನ್ನು ಒಂದೊಂದಾಗಿ ಎತ್ತಿ ತೋರಿಸುವರು. ಬಹುಕಾಲದ ಮಿತ್ರರಾದ ಕವಿ ಆಲನ್ ಗಿನ್ಸ್‌ಬರ್ಗ್ ಅವರ ಚಿತ್ರಗಳೂ ಅಲ್ಲಿವೆ. ಕವಿಯು 1997ರಲ್ಲಿಯೇ ತೀರಿಕೊಂಡಿದ್ದರು. ಡಾರ್ಫ್‌ಮನ್ ಅವರು 2020ರ ಮೇ ತಿಂಗಳಲ್ಲಿ ಕಾಲವಶರಾದರು.