ಕೋಲು ನೆಲದ ಮೇಲಿರಲಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದವನು ನಾನು. ಎಷ್ಟೋ ತಲೆಮಾರಿನ ಹುಡುಗರಿಗೆ ಎತ್ತರ ಜಿಗಿತ ಕಲಿಸಿದ್ದೇನೆ. ಆದ್ದರಿಂದ ನಾಯಿಗೆ ಜಿಗಿತ ಕಲಿಸುವ ವಿಷಯದಲ್ಲಿ ನನಗೂ ಒಂದು ಮಾತು ಆಡುವ ಹಕ್ಕಿದೆಯೆಂದು ತಿಳಿದಿದ್ದೇನೆ. ಇಲ್ಲವೆನ್ನುವವರು ಈ ಪುಟಗಳನ್ನು ಹಾರಿಸಿ ಮುಂದೆ ಹೋಗಬಹುದು. ಆ ಹಾರಾಟಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ಧಾರವಾಡದ ನಮ್ಮ ಬಡಾವಣೆಯ ಮೈದಾನಕ್ಕೆ ಪ್ರತಿ ಭಾನುವಾರ ಮುಂಜಾನೆ ನಾಯಿಗಳಿಗೆ ತರಬೇತಿ ಕೊಡುವವರೊಬ್ಬರು ಬರುತ್ತಾರೆ. ಮೊದಲೆಲ್ಲ ಕೂಡು, ನಿಲ್ಲು, ಬಾ ಎಂಬಷ್ಟನ್ನೇ ಕಲಿಸುತ್ತಿದ್ದರು, ಚೆನ್ನಾಗಿಯೇ ಕಲಿಸುತ್ತಿದ್ದರು. ಈಗ ಒಂದು ವರ್ಷದಿಂದ ಅಜಿಲಿಟಿ ಶುರುವಾಗಿದೆ. ಅಂದರೆ ಯಜಮಾನನ ಸನ್ನೆಯಂತೆ ನಾಯಿ ಓಡುತ್ತ ಕೋಲುಗಳನ್ನು ಜಿಗಿದು, ಕೊಳವೆಯೊಳಗೆ ನುಗ್ಗಿ, ಹಲಗೆ ಹತ್ತಿ ಇಳಿದು, ನೆಟ್ಟ ಕಂಬಗಳ ನಡುವೆ ಹಾವಿನಂತೆ ಹರಿದು ಬರುವ ಆಟ. ಸುಂದರವಾದ ಆಟ. ನನ್ನ ತಕರಾರು ಆಟದ ಮೇಲಲ್ಲ.

ಕಳೆದ ಶ್ರಾವಣದ ಒಂದು ಭಾನುವಾರ. ರಾತ್ರಿಯೆಲ್ಲ ಜಿಟಿಜಿಟಿ ಮಳೆ ಹಿಡಿದು ನೆಲ ಜಾರುತ್ತಿತ್ತು. ಎರಡು ಕಬ್ಬಿಣದ ಸ್ಟ್ಯಾಂಡು, ನಡುವೆ ಒಂದು ಕಬ್ಬಿಣದ ಪೈಪು. ಪೈಪು ಬೀಳಬಾರದೆಂದು ಎರಡೂ ತುದಿಗೆ ತಂತಿ ಸುತ್ತಿ ಬಿಗಿದಿದ್ದರು. ಎತ್ತರ ನನ್ನ ಮೊಣಕಾಲಿಗಿಂತ ಗೇಣು ಮೇಲೆ. ಸಾಲಿನಲ್ಲಿ ಏಳೆಂಟು ನಾಯಿಗಳು. ಅದರಲ್ಲೊಂದು ಗೋಲ್ಡನ್ ರಿಟ್ರೀವರ್ ಮರಿ. ಮೈ ದೊಡ್ಡದಾದರೂ ವಯಸ್ಸು ಏಳು ತಿಂಗಳೆಂದು ಅದರ ಯಜಮಾನರೇ ಹೇಳಿದರು. ಮರಿ ಪೈಪಿನ ಹತ್ತಿರ ಬಂದು ಮೂಸಿತು, ಕೂತುಬಿಟ್ಟಿತು. ಯಜಮಾನರು ಬೆಲ್ಟು ಸಡಿಲ ಮಾಡಿದರು. ಆಗ ತರಬೇತುದಾರರು ಕೂಗಿದರು:

"ಎಳೀರಿ ಸರ, ಜೋರ್ ಎಳೀರಿ. ಒಮ್ಮೆ ಜಿಗೀತಂದ್ರ ಅಂಜಿಕಿ ಬಿಡ್ತದ."

ಎಳೆದರು. ಮರಿ ಅರ್ಧ ಹಾರಿತು, ಅರ್ಧ ನೇತಾಡಿತು. ಎದೆ ಪೈಪಿಗೆ ಬಡಿದು ಆಚೆ ಮುಂಗಾಲ ಮೇಲೆ ಕುಸಿಯಿತು. ಚಪ್ಪಾಳೆ ಬಿತ್ತು. ಮೊಬೈಲು ಹಿಡಿದು ನಿಂತಿದ್ದ ಮಗಳು, "ಅಪ್ಪಾ, ಇನ್ನೊಮ್ಮೆ, ಸರಿಯಾಗಿ ಬರಲಿಲ್ಲ" ಎಂದಳು. ಇನ್ನೊಮ್ಮೆಯೂ ಆಯಿತು, ಮತ್ತೊಮ್ಮೆಯೂ ಆಯಿತು. ಮರಿ ಬಾಲವನ್ನು ಹೊಟ್ಟೆಯಡಿ ಸೇರಿಸಿಕೊಂಡು ತುಟಿ ನೆಕ್ಕುತ್ತ ದೊಡ್ಡದಾಗಿ ಆಕಳಿಸಿತು. "ಪಾಪ, ನಿದ್ದಿ ಬಂದದ" ಎಂದು ಯಾರೋ ನಕ್ಕರು. ಅದು ನಿದ್ದೆಯಲ್ಲ ಸ್ವಾಮಿ. ಕಂಗಾಲಾದ ನಾಯಿ ಹಾಗೆ ತುಟಿ ನೆಕ್ಕುತ್ತದೆ, ಹಾಗೆ ಆಕಳಿಸುತ್ತದೆ. ನಾಯಿ ಸಾಕಿದವರಿಗೆ ಅಷ್ಟಾದರೂ ತಿಳಿದಿರಬೇಡವೆ?

ನಾನು ಬಾಯಿ ಹಾಕಿದೆ. ತರಬೇತುದಾರರು ನಗುನಗುತ್ತಲೇ ಹೇಳಿದರು: "ಮಾಸ್ತರ, ನೀವು ಹುಡುಗೂರಿಗೆ ಕಲಿಸಿದವ್ರು. ಇದು ಪ್ರಾಣಿ ಐತ್ರಿ. ಇದರ ಲೆಕ್ಕಾನ ಬ್ಯಾರೆ." ಮನೆಗೆ ಬಂದರೆ ಹೆಂಡತಿಯದೂ ಬುದ್ಧಿವಾದ: "ನಾಯಿ ಸಲುವಾಗಿ ಮಂದಿ ಕೂಡ ಜಗಳಾ ತಗೀಬ್ಯಾಡ್ರಿ." ಆದ್ದರಿಂದ ಮೈದಾನದಲ್ಲಿ ಬಿಟ್ಟ ಜಗಳವನ್ನು ಇಲ್ಲಿ ಕಾಗದದ ಮೇಲೆ ತೆಗೆದಿದ್ದೇನೆ.

ಲೆಕ್ಕ ಬೇರೆಯೆ? ನೋಡೋಣ. ಎತ್ತರ ಜಿಗಿತದ ಮೊದಲ ದಿನ ನಾನು ಕೋಲನ್ನೇ ತರುತ್ತಿರಲಿಲ್ಲ. ಸುಣ್ಣದಿಂದ ಗೆರೆ ಎಳೆದು, ಓಡಿ ಬಂದು ಅದನ್ನು ದಾಟಿರಿ ಎನ್ನುತ್ತಿದ್ದೆ. ಆಮೇಲೆ ಇಬ್ಬರು ಹುಡುಗರು ಸಡಿಲಾಗಿ ಹಿಡಿದ ಹಗ್ಗ. ಕೋಲು ಬರುವುದು ಎರಡನೆಯ ವಾರ. ಅದೂ ತಾಗಿದರೆ ಬೀಳುವಂತೆ ಗೂಟದ ಮೇಲೆ ಸುಮ್ಮನೆ ಇಟ್ಟದ್ದು, ಆಚೆ ಮರಳು. ಕೋಲನ್ನು ತಂತಿಯಿಂದ ಬಿಗಿದು, ಹುಡುಗನ ಕೊರಳಿಗೆ ಹಗ್ಗ ಹಾಕಿ ಎಳೆದು ಜಿಗಿಸಿದ್ದರೆ ಹೆಡ್‌ಮಾಸ್ತರರು ನನ್ನನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಿದ್ದರು. ಹುಡುಗನಿಗೆ ಮಾಡಬಾರದ್ದು ನಾಯಿಗೆ ಹೇಗೆ ಪದ್ಧತಿಯಾಯಿತು? ನಾಯಿಗೆ ದೂರು ಕೊಡಲು ಬರುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬಿಸಲು ಏನಾದರೂ ಬೇಕಾಗಿತ್ತು. ಜಾನ್ ವಾರ್ಲಿ ಎಂಬ ಸಮಿತಿಯ ಸದಸ್ಯರು ಕುದುರೆಗಳ ಜಿಗಿತದ ಪಂದ್ಯ ಬಲ್ಲವರು. ಪೀಟರ್ ಮೀನ್‌ವೆಲ್ ಎಂಬ ನಾಯಿ ತರಬೇತುದಾರರ ಸಹಾಯದಿಂದ ಅದನ್ನೇ ನಾಯಿಗಳಿಗೆ ಅಳವಡಿಸಿ ತೋರಿಸಿದರು. ಜನ ಹುಚ್ಚೆದ್ದು ಮೆಚ್ಚಿದರು. 1980ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬು ಅದಕ್ಕೆ ನಿಯಮ ಮಾಡಿತು. ನಮ್ಮವರು ಗಮನಿಸಬೇಕಾದದ್ದು ಮುಂದಿನ ಕಥೆ. ಆರಂಭದ ಕಾಲದಲ್ಲಿ ಅಲ್ಲಿ ಕೋಲಿನ ಎತ್ತರ 30 ಇಂಚು, ಅಂದರೆ 76 ಸೆಂಟಿಮೀಟರು. ವರ್ಷಗಳು ಕಳೆದಂತೆ ಅವರು ಅದನ್ನು ಇಳಿಸುತ್ತ ಬಂದರು. ಇಂದು ಅಲ್ಲಿ ದೊಡ್ಡ ನಾಯಿಗೆ 60 ಸೆಂಟಿಮೀಟರು, ಸಣ್ಣದಕ್ಕೆ 30. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಸ್ಪರ್ಧೆಗೆ ಬಿಡುವುದೇ ಇಲ್ಲ. ಆಟ ಹುಟ್ಟಿಸಿದವರು ಕೋಲು ಇಳಿಸಿದರು. ಎರವಲು ತಂದ ನಾವು ಏಳು ತಿಂಗಳ ಮರಿಗೆ ಪೈಪು ಬಿಗಿಯುತ್ತಿದ್ದೇವೆ.

ಹದಿನೆಂಟು ತಿಂಗಳೇ ಏಕೆ? ಬೆಳೆಯುವ ನಾಯಿಯ ಕಾಲೆಲುಬುಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೆತ್ತನೆಯ ಭಾಗವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಸಣ್ಣ ಜಾತಿಗಳಲ್ಲಿ ಅದು ಒಂದು ವರ್ಷದೊಳಗೆ ಗಟ್ಟಿಯಾದೀತು, ದೊಡ್ಡವುಗಳಲ್ಲಿ ಒಂದೂವರೆ ವರ್ಷದವರೆಗೂ ಎಳೆಯುತ್ತದೆ. ಅಲ್ಲಿ ಪೆಟ್ಟಾದರೆ ಕಾಲು ಸೊಟ್ಟಗೆ ಬೆಳೆಯಬಹುದು, ಗಿಡ್ಡವಾಗಬಹುದು. ಸುಮ್ಮನೆ ನಿಂತಾಗಲೇ ನಾಯಿಯ ಭಾರದ ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲಿರುತ್ತದೆ. ಜಿಗಿದು ಇಳಿಯುವಾಗಲಂತೂ ಪೂರ್ತಿ ಭಾರ ಬಂದು ಅಪ್ಪಳಿಸುವುದು ಆ ಎರಡು ಕಾಲುಗಳ ಮೇಲೆ. ಮರಿಗೆ ಅಂದೇ ನೋವಾಗದಿರಬಹುದು. ಅದೇ ಮೋಸ.

ಇದಕ್ಕೆ ನಾಲ್ಕು ಮಂದಿಯಲ್ಲಿ ಮೂವರು ಕೊಡುವ ಉತ್ತರವೊಂದಿದೆ. "ಬೀದಿ ನಾಯಿ ಕಂಪೌಂಡು ಹಾರೂದಿಲ್ಲೇನ್ರಿ? ಅದರ ಕಾಲು ಮುರಿತಾವೇನು?" ಮುಧೋಳದ ನಾಯಿ ಸಾಕಿದವರ ಬಾಯಲ್ಲಿ ಕಂಪೌಂಡು ಇನ್ನೂ ಎರಡಡಿ ಬೆಳೆದಿರುತ್ತದೆ. ಒಪ್ಪಿದೆ, ಹಾರುತ್ತದೆ. ಆದರೆ ಯಾವಾಗ ಹಾರಬೇಕು, ಎಲ್ಲಿಂದ ಓಡಿ ಬರಬೇಕು, ಹಾರಬೇಕೋ ಬೇಡವೋ ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಗೋಡೆ ಹೆಚ್ಚಾಯಿತು ಅನಿಸಿದರೆ ಸುತ್ತು ಹಾಕಿ ಗೇಟಿನಿಂದ ಬರುತ್ತದೆ. ದಿನಕ್ಕೆ ಒಂದು ಸಲವೋ ಎರಡು ಸಲವೋ. ಕೊರಳು ಬಿಗಿಸಿಕೊಂಡು, ತಲೆ ಪಕ್ಕಕ್ಕೆ ಎಳೆಸಿಕೊಂಡು, ಜಾರುವ ನೆಲದಲ್ಲಿ ಒಂದೇ ಪೈಪನ್ನು ಮೂವತ್ತು ಸಲ ಹಾರುವ ಬೀದಿ ನಾಯಿ ಎಲ್ಲಿದೆ ತೋರಿಸಿ. ಇನ್ನು ಬೀದಿಯಲ್ಲಿ ಕುಂಟುವ ನಾಯಿಗಳಿಲ್ಲ ಎಂದವರು ಯಾರು? ಅವನ್ನು ಲೆಕ್ಕ ಹಾಕುವವರಿಲ್ಲ, ಅಷ್ಟೇ.

2017ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಬಳಿ ಇರುವ ಮಗಳ ಮನೆಯಲ್ಲಿ ಎರಡೂವರೆ ತಿಂಗಳು ಇದ್ದೆ. ಅವಳದೊಂದು ಕಾಕರ್ ಸ್ಪ್ಯಾನಿಯಲ್, ಅದಕ್ಕಾಗ ಒಂಬತ್ತು ತಿಂಗಳು. ವಾರಕ್ಕೊಮ್ಮೆ ಒಂದು ಹೊಲದಲ್ಲಿ ತರಗತಿ. ಮೊದಲ ದಿನ ಹೋದಾಗ ನನಗೆ ನಿರಾಸೆಯೇ ಆಯಿತು. ಎರಡು ಹಗುರ ಸ್ಟ್ಯಾಂಡುಗಳ ನಡುವೆ ಕೋಲು ಹುಲ್ಲಿನ ಮೇಲೆ ಬಿದ್ದುಕೊಂಡಿತ್ತು. ಕಟ್ಟಲು ಮರೆತಿರಬೇಕೆಂದು ಎತ್ತಿಡಲು ಹೋದೆ. ಕಲಿಸುವ ಹೆಂಗಸು, ನನ್ನಷ್ಟೇ ವಯಸ್ಸಾದವರು, ಬೇಡವೆಂದು ಕೈ ಅಡ್ಡ ಮಾಡಿದರು. ಆಚೆ ಹತ್ತು ಹನ್ನೆರಡು ಅಡಿ ದೂರದಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಚೂರು ಕೋಳಿಮಾಂಸ. ಕೊರಳಲ್ಲಿ ಬೆಲ್ಟಿಲ್ಲ. ನಾಯಿ ಎರಡು ಸ್ಟ್ಯಾಂಡುಗಳ ನಡುವೆ ನೇರ ಓಡಿ, ಕೋಲು ದಾಟಿ, ತಟ್ಟೆ ನೆಕ್ಕಿತು. ಶಭಾಸ್ ಎಂದರು. ಐದಾರು ಸಲ ಆದ ಮೇಲೆ, ಸಾಕು ಎಂದರು. ಅಷ್ಟೇ ತರಗತಿ!

ತಟ್ಟೆಯನ್ನು ನೆಲದಲ್ಲೇ ಏಕೆ ಇಡುತ್ತಾರೆಂದು ನನಗೆ ತಿಳಿಯಲು ಎರಡು ವಾರ ಬೇಕಾಯಿತು. ತಿಂಡಿಯನ್ನು ಕೈಯಲ್ಲಿ ಮೇಲೆತ್ತಿ ತೋರಿಸಿದರೆ ನಾಯಿ ತಲೆಯೆತ್ತುತ್ತದೆ. ತಲೆಯೆತ್ತಿದರೆ ಬೆನ್ನು ಕೆಳಗೆ ಬಾಗಿ ಹಿಂಗಾಲು ಜೋತು ಕೋಲಿಗೆ ತಾಗುತ್ತವೆ. ತಿಂಡಿ ನೆಲದಲ್ಲಿ ದೂರವಿದ್ದರೆ ಕಣ್ಣು ಮುಂದೆ, ತಲೆ ಕೆಳಗೆ, ಬೆನ್ನು ಬಿಲ್ಲಿನಂತೆ ಮೇಲೆ ಬಾಗುತ್ತದೆ. ಒಳ್ಳೆಯ ಜಿಗಿತವೆಂದರೆ ಆ ಬಿಲ್ಲು. ನಮ್ಮ ಮೈದಾನದಲ್ಲಿ ಪಕ್ಕದಿಂದ ಎಳೆಯುವ ಬೆಲ್ಟು ಕೆಡಿಸುವುದು ಅದನ್ನೇ. ಹೆದರಿಕೆಯ ಮಾತು ಹಾಗಿರಲಿ, ಬರೀ ಕಸಬಿನ ದೃಷ್ಟಿಯಿಂದ ನೋಡಿದರೂ ಅದು ಕೆಟ್ಟ ಕೆಲಸ.

ಮೂರನೆಯ ವಾರ ಕೋಲು ನಾಲ್ಕು ಬೆರಳು ಮೇಲೆದ್ದಿತು. ಆಮೇಲೆ ಮೂರು ಕೋಲು ಸಾಲಾಗಿ, ನಾಯಿ ತನ್ನ ಹೆಜ್ಜೆ ತಾನೇ ಲೆಕ್ಕ ಹಾಕಿಕೊಳ್ಳುವಂತೆ. ಆಮೇಲೆ ಮಗಳು ಒಮ್ಮೆ ಎಡಕ್ಕೆ ಓಡುವುದು, ಒಮ್ಮೆ ಬಲಕ್ಕೆ, ಒಮ್ಮೆ ಹಿಂದೆಯೇ ಉಳಿದು ನಾಯಿಯನ್ನು ಮುಂದೆ ಕಳಿಸುವುದು. ಇದೆಲ್ಲ ಕೋಲು ನಾಯಿಯ ಮುಂಗಾಲಿನ ಮಣಿಕಟ್ಟಿಗಿಂತ ಮೇಲೇರದೆ ನಡೆಯಿತು. ಕೋಲು ಬಿದ್ದರೆ ನಾಯಿಗೆ ಬೈಗಳಿಲ್ಲ. ಯಾಕೆ ಬಿತ್ತೆಂದು ಆ ಹೆಂಗಸು ನನ್ನ ಮಗಳನ್ನು ಕೇಳುತ್ತಿದ್ದರು. ಹೆಚ್ಚಿನ ಸಲ ತಪ್ಪು ಮಗಳದೇ: ತಡವಾಗಿ ಕೂಗಿದ್ದು, ಅಡ್ಡ ಬಂದದ್ದು. ಹೊರಡುವ ಹಿಂದಿನ ವಾರ ತಡೆಯಲಾರದೆ ಕೇಳಿದೆ, ಈ ನಾಯಿ ಎಷ್ಟು ಎತ್ತರ ಹಾರೀತು? ನಾವಿನ್ನೂ ಅದನ್ನು ಕೇಳಿಲ್ಲ, ಎಂದರು.

ಅಮೆರಿಕದ ಕ್ಯಾರನ್ ಪ್ರಯರ್ ಎಂಬುವರು 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಜಿಗಿತ ಕಲಿಸುತ್ತಿದ್ದರು. ಒಂದು ಸೀಟಿ, ಒಂದು ಮೀನು. ಈಜಿ ಹೋದ ಡಾಲ್ಫಿನ್‌ಗೆ ಚೈನು ಹಾಕಲು ಬರುತ್ತದೆಯೆ? ಬಡಿಯಲು ಬರುತ್ತದೆಯೆ? ಮನಸ್ಸಿದ್ದರೆ ಬರುತ್ತದೆ, ಇಲ್ಲದಿದ್ದರೆ ಕೊಳದ ಆಚೆ ದಡದಲ್ಲಿರುತ್ತದೆ. ಅದೇ ಕ್ರಮವನ್ನು ಅವರು ನಾಯಿ ಸಾಕುವವರಿಗೂ ಕಲಿಸಿದರು. ನಮ್ಮ ದೌರ್ಭಾಗ್ಯವೆಂದರೆ ನಾಯಿಗೆ ಕೊರಳಿದೆ.

ಇಷ್ಟೆಲ್ಲ ಬೋಧಿಸುವವನ ಕಥೆಯನ್ನೂ ಕೇಳಿ. 1994ರ ನಮ್ಮ ಶಾಲೆಯ ಗ್ಯಾದರಿಂಗ್. ಹುಡುಗರ ಪಿರಮಿಡ್ಡು, ಲೇಜಿಮು ಎಲ್ಲ ಹಳೆಯದಾಯಿತೆಂದು ನಾನೊಂದು ಹೊಸ ಆಟ ಯೋಜಿಸಿದೆ. ಮನೆಯಲ್ಲಿ ರಾಜ ಎಂಬ ನಾಯಿಯಿತ್ತು, ಎಂಟು ತಿಂಗಳಿನದು, ಅರ್ಧ ಮುಧೋಳ. ಹದಿನೈದು ದಿನ ಸಂಜೆ ಅಂಗಳದ ಫರಸಿ ಕಲ್ಲಿನ ಮೇಲೆ ಅದನ್ನು ಹಗ್ಗ ಹಾರಿಸಿದೆ. ಹಾರದಿದ್ದರೆ ಸರಪಳಿ ಜಗ್ಗುತ್ತಿದ್ದೆ. ಕೈಯಲ್ಲಿ ಛಡಿಯೂ ಇರುತ್ತಿತ್ತು. ಹುಡುಗರಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ ಅದೇ ಕೈ. ಗ್ಯಾದರಿಂಗಿನ ದಿನ ಸಿಮೆಂಟಿನ ವೇದಿಕೆಯ ಮೇಲೆ ರಾಜ ಮೂರೂವರೆ ಅಡಿ ಹಾರಿತು. ಶಾಲೆ ಅದುರುವಂತೆ ಚಪ್ಪಾಳೆ. ಮುಖ್ಯ ಅತಿಥಿಗಳು ನನಗೆ ಶಾಲು ಹೊದಿಸಿದರು, ನಾಯಿಗಲ್ಲ.

ನಾಲ್ಕು ವರ್ಷ ತುಂಬುವುದರೊಳಗೆ ರಾಜನ ಎಡ ಮುಂಗಾಲಿನ ಮೊಣಕೈ ಗಂಟು ಊದಿ ನಿಂತಿತು. ಮೆಟ್ಟಿಲು ಹತ್ತುವುದು ಬಿಟ್ಟಿತು. ಚಳಿಗಾಲದಲ್ಲಿ ಎದ್ದು ನಿಲ್ಲಲು ಎರಡು ಮೂರು ಸಲ ಪ್ರಯತ್ನಿಸುತ್ತಿತ್ತು. ಹುಟ್ಟಿನಿಂದಲೇ ಬಂದ ದೋಷವೂ ಇರಬಹುದು ಎಂದರು ಡಾಕ್ಟರು. ಇರಬಹುದು. ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕೆಂದು ಕಾನೂನು ಹೇಳುತ್ತದಂತೆ. ನಾನೇ ಆರೋಪಿಯಾದ ಈ ಒಂದು ಮೊಕದ್ದಮೆಯಲ್ಲಿ ಅದನ್ನು ತೆಗೆದುಕೊಳ್ಳಲು ನನಗಿನ್ನೂ ಆಗಿಲ್ಲ. ಛಡಿ ಕಂಡರೆ ಕೊನೆಯವರೆಗೂ ಅದು ಹಿಂದೆ ಸರಿಯುತ್ತಿತ್ತು. ನೆಲ ಒರೆಸುವ ಕೋಲು ಕಂಡರೂ.

ಹೀಗಾಗಿ ಮೈದಾನದ ತರಬೇತುದಾರರ ಮೇಲೆ ನನಗೆ ದ್ವೇಷವಿಲ್ಲ. ಅವರ ಕಷ್ಟವೂ ಗೊತ್ತು. ತಿಂಗಳಿಗೆ ಫೀ ಕೊಟ್ಟವರು ಮೊದಲ ಭಾನುವಾರವೇ ವಿಡಿಯೋ ಕೇಳುತ್ತಾರೆ. ನೆಲದ ಮೇಲಿನ ಕೋಲು ದಾಟುವ ನಾಯಿಯ ವಿಡಿಯೋವನ್ನು ಯಾವ ಬೀಗರಿಗೆ ಕಳಿಸುವುದು? ಆದರೆ ಅವರು ತಂತಿಯನ್ನಾದರೂ ಬಿಚ್ಚಲಿ. ಕಬ್ಬಿಣದ ಬದಲು ಪಿ.ವಿ.ಸಿ. ಪೈಪು ತರಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ನೆಲ ಜಾರುವ ದಿನ ಜಿಗಿತ ಬಿಟ್ಟು ಕೂಡು, ನಿಲ್ಲು ಎಂದೇ ಕಲಿಸಲಿ. ವರ್ಷ ತುಂಬದ ಮರಿಗೆ ಎತ್ತರವೇ ಇಲ್ಲ ಎಂದು ಫೀ ತೆಗೆದುಕೊಳ್ಳುವಾಗಲೇ ಹೇಳಿಬಿಡಲಿ. ಇದನ್ನು ಕೇಳಿ ಇಬ್ಬರು ಗಿರಾಕಿಗಳು ಹೋದರೆ, ಹೋಗಲಿ.

ನನ್ನ ಈಗಿನ ನಾಯಿ ಚಂದ್ರಿಗೆ ಹನ್ನೊಂದು ತಿಂಗಳು. ಹಿತ್ತಲಿನ ಹುಲ್ಲಿನಲ್ಲಿ ಎರಡು ಇಟ್ಟಂಗಿ, ಮೇಲೆ ಒಂದು ಪೈಪು, ಆಚೆ ತಟ್ಟೆಯಲ್ಲಿ ರೊಟ್ಟಿಯ ಚೂರು. ನಿನ್ನೆ ಸಂಜೆ ಆ ಗೋಲ್ಡನ್ ಮರಿಯ ಯಜಮಾನರು ಮಗಳನ್ನು ಕರೆದುಕೊಂಡು ಬಂದಿದ್ದರು. ಮರಿ ಈಗ ಮೈದಾನದ ಗೇಟು ಕಂಡರೆ ಸಾಕು, ನೆಲಕ್ಕೆ ಅಂಟಿಕೊಳ್ಳುತ್ತದಂತೆ. ಹುಡುಗಿ ಚಂದ್ರಿಯ ಆಟವನ್ನು ಸ್ವಲ್ಪ ಹೊತ್ತು ನೋಡಿ, "ಅಜ್ಜಾರ, ಇದು ಇಷ್ಟ ಏನ್ ಹಾರೂದು?" ಎಂದಳು. ಮರಿಯನ್ನು ಬಿಡು ಎಂದೆ. ಬೆಲ್ಟು ಬಿಚ್ಚಿದಳು. ನಾನು ಇಟ್ಟಂಗಿ ಸರಿಸಿ ಪೈಪನ್ನು ಹುಲ್ಲಿನ ಮೇಲೆ ಇಟ್ಟೆ. ಮರಿ ದೂರದಿಂದ ನೋಡಿತು, ಅರ್ಧ ಸುತ್ತು ಹಾಕಿತು, ಪೈಪಿನ ಪಕ್ಕದಿಂದ ಬಂದು ರೊಟ್ಟಿ ತಿಂದಿತು. ಹುಡುಗಿ ನನ್ನ ಮುಖ ನೋಡಿದಳು. ಇನ್ನೊಂದು ಚೂರು ಇಡು ಎಂದೆ.