ಸುಟ್ಟ ಅಂಗಳ ಶುಚಿಯಾದ ಅಂಗಳವಲ್ಲ

ತುಲಾ ಮಾಸದ ಗುಡುಗು ಮಳೆ ಹಿಂದೆ ಸರಿದು ಬೆಳಗ್ಗಿನ ಮಂಜು ಇಳಿಯತೊಡಗಿದರೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಅಂಗಳದ ಕೆಲಸ ಸುರುವಾಗುತ್ತದೆ. ಪಾಚಿ ಹಿಡಿದ ಅಂಗಳ ಕೆತ್ತಬೇಕು, ಅಡಿಕೆ ಒಣಗಿಸಲು ಜಾಗ ಮಾಡಬೇಕು, ಬಸಳೆಗೆ ಚಪ್ಪರ ಹಾಕಬೇಕು, ಅಲಸಂಡೆ, ಹರಿವೆ, ಬೆಂಡೆಯ ಬೀಜ ಬಿತ್ತಬೇಕು. ಆಗಮನ ಕಾಲ ಬರುವ ಮೊದಲು ಮನೆಯ ಸುತ್ತುಮುತ್ತ ಚೊಕ್ಕಟವಾಗಬೇಕೆಂಬುದು ಎಲ್ಲರ ಆಸೆ. ಈ ಆಸೆ ಒಳ್ಳೆಯದೇ. ಆದರೆ ಚೊಕ್ಕಟ ಮಾಡುವ ಕ್ರಮದ ಬಗ್ಗೆ ನಮಗೆ ಸ್ವಲ್ಪ ಹೇಳಲಿಕ್ಕಿದೆ.

ಈಗ ಎರಡು ಅಭ್ಯಾಸಗಳು ಮನೆಮನೆಗೆ ಹಬ್ಬಿವೆ. ಒಂದು, ತರಗೆಲೆ, ಮಡಲು, ಸೋಗೆ ಎಲ್ಲವನ್ನೂ ಗುಡಿಸಿ ಒಟ್ಟು ಹಾಕಿ ಬೆಂಕಿ ಕೊಡುವುದು. ಇನ್ನೊಂದು, ಅಂಗಳದ ಬದಿಯ ಹುಲ್ಲಿಗೆ ಕಳೆನಾಶಕ ಹೊಡೆಯುವುದು. ಇವೆರಡೂ ನಿಲ್ಲಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೊದಲು ನೀರಿನ ಲೆಕ್ಕ ನೋಡೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು, ಮುರಕಲ್ಲಿನ ಗುಡ್ಡಗಳಿಂದ ಇಳಿದು ಸಮುದ್ರ ಸೇರುತ್ತದೆ. ಡಿಸೆಂಬರಿನಿಂದ ಮೇ ತನಕ ನಮಗೆ ಗತಿ ಬಾವಿ, ಕೆರೆ ಮತ್ತು ಹಿರಿಯರು ಕೊರೆದ ಸುರಂಗ. ಬರಿದಾದ ನೆಲ ಬಿಸಿಲಿಗೆ ಬೇಗ ಒಣಗುತ್ತದೆ. ಆಗ ಪಂಪು ಹೆಚ್ಚು ಹೊತ್ತು ಓಡಬೇಕು, ಬಾವಿ ಬೇಗ ತಳ ಕಾಣಬೇಕು. ಅದೇ ನೆಲಕ್ಕೆ ತರಗೆಲೆಯ ಹೊದಿಕೆ ಇದ್ದರೆ ತೇವ ಉಳಿಯುತ್ತದೆ, ನೀರು ಕಡಿಮೆ ಸಾಕಾಗುತ್ತದೆ. ಅಂದರೆ ನವೆಂಬರಿನಲ್ಲಿ ನಾವು ಸುಡುವುದು ಬರಿಯ ಕಸವನ್ನಲ್ಲ, ಏಪ್ರಿಲ್ ತಿಂಗಳ ನೀರನ್ನು.

ಇದು ಹೊಸ ವಿದ್ಯೆಯೂ ಅಲ್ಲ. ತೆಂಗಿನ ಬುಡದ ಸುತ್ತ 1.8 ಮೀಟರ್, ಅಂದರೆ ಸುಮಾರು ಆರು ಅಡಿ, ಹದಿನೈದು ಒಣ ಮಡಲು ಹರಡಬೇಕು, ಇಲ್ಲವೇ ನೂರು ಸಿಪ್ಪೆಗಳನ್ನು ಬೆನ್ನು ಮೇಲಾಗಿ ಜೋಡಿಸಬೇಕು ಎಂಬುದು ಕೃಷಿ ತಜ್ಞರು ಬಹಳ ಕಾಲದಿಂದ ಕೊಡುತ್ತ ಬಂದ ಸಲಹೆ. ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾಲಯವೇ ತೋರಿಸಿಕೊಟ್ಟಿದೆ. ಸೋಗೆಯಿಂದಲೂ ಉಪಯೋಗವುಂಟು. ನೈರುತ್ಯದ ಬಿಸಿಲು ಬೀಳುವ ಬದಿಯ ಅಡಿಕೆ ಮರಗಳ ಕಾಂಡಕ್ಕೆ ಸೋಗೆ ಅಥವಾ ಹಾಳೆ ಕಟ್ಟಿದರೆ ಕಾಂಡ ಸುಟ್ಟು ಸೀಳುವುದಿಲ್ಲ.

"ಹಿರಿಯರೂ ಸುಡುಮಣ್ಣು ಮಾಡುತ್ತಿದ್ದರಲ್ಲ?" ಎಂದು ಕೆಲವರು ಕೇಳುತ್ತಾರೆ. ಹೌದು, ಮಾಡುತ್ತಿದ್ದರು. ತರಕಾರಿಗೆ ಬೇಕಾದಷ್ಟು ಸಣ್ಣ ರಾಶಿ, ಮೇಲೆ ಮಣ್ಣು ಮುಚ್ಚಿ ಮೆಲ್ಲಗೆ ಬೇಯಿಸುವುದು. ಅದರಲ್ಲಿ ಹಾಲಿನ ಪ್ಯಾಕೆಟ್ಟು, ಬಿಸ್ಕತ್ತಿನ ಕವರು ಇರಲಿಲ್ಲ. ಇಂದಿನ ರಾಶಿಯಲ್ಲಿ ಅರ್ಧ ಪ್ಲಾಸ್ಟಿಕ್. ಅದು ಉರಿದರೆ ಹುಟ್ಟುವುದು ವಿಷದ ಹೊಗೆ. ಚಳಿಯ ಬೆಳಿಗ್ಗೆ ಹೊಗೆ ಮೇಲೇರದೆ ನೆಲಮಟ್ಟದಲ್ಲೇ ಸುತ್ತುತ್ತದೆ. ಉಬ್ಬಸವಿರುವ ಅಜ್ಜಿ, ಶಾಲೆಗೆ ಹೊರಟ ಮಗು, ನೆರೆಮನೆಯ ಬಾಣಂತಿ ಎಲ್ಲರೂ ಅದನ್ನೇ ಉಸಿರಾಡಬೇಕು.

ಇನ್ನು ಕಳೆನಾಶಕ. ವಿಷದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಬೇರೆಯವರು ಪಾಠ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆ, ಎಣ್ಮಕಜೆಯ ಮನೆಗಳ ಸಂಕಟವನ್ನು ಲೋಕವೇ ಕಂಡಿತು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರಲ್ಲಿ. ಕಳೆನಾಶಕ ಬೇರೆ, ಎಂಡೋಸಲ್ಫಾನ್ ಬೇರೆ ಎಂಬುದು ನಮಗೂ ಗೊತ್ತಿದೆ. ಆದರೆ ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮಕ್ಕಳು ಆಡುವ, ಕೋಳಿ ಕೆದಕುವ, ಕುಡಿಯುವ ನೀರಿನ ಬಾವಿ ಇರುವ ಅಂಗಳಕ್ಕೆ ವಿಷ ಏಕೆ ಬೇಕು?

ಕೆಲಸಕ್ಕೆ ಜನ ಸಿಗುವುದಿಲ್ಲ, ತರಗೆಲೆ ಇದ್ದರೆ ಹಾವು ಬರುತ್ತದೆ ಎಂಬ ಮಾತೂ ಇದೆ. ಎರಡೂ ನಿಜವಾದ ಕಷ್ಟಗಳೇ. ಮನೆಯ ಗೋಡೆಯಿಂದ ಹತ್ತು ಹೆಜ್ಜೆ, ನಡೆಯುವ ದಾರಿ, ಹಟ್ಟಿಯ ಸುತ್ತ, ಇಷ್ಟನ್ನು ಕೆತ್ತಿ ಬೋಳು ಮಾಡಿ. ಗುಡಿಸಿದ್ದನ್ನು ಅಲ್ಲೇ ರಾಶಿ ಹಾಕದೆ ಮರದ ಬುಡಕ್ಕೆ ಸಾಗಿಸಿ. ಹೊದಿಕೆ ಹಾಕಿದಲ್ಲಿ ಕಳೆಯೂ ಕಡಿಮೆ ಏಳುತ್ತದೆ, ಮರುವರ್ಷದ ಕೆಲಸ ಹಗುರವಾಗುತ್ತದೆ. ಕತ್ತಲಾದ ಮೇಲೆ ಟಾರ್ಚು ಇಲ್ಲದೆ ತೋಟಕ್ಕೆ ಇಳಿಯಬೇಡಿ.

ಶುಚಿತ್ವ ಬೇಕಾದದ್ದು ನೀರು ನಿಲ್ಲುವಲ್ಲಿ. ಗೆರಟೆ, ಮಗುಚಿ ಬಿದ್ದ ಹಾಳೆ, ರಬ್ಬರ್ ಮರದ ಚಿಪ್ಪು, ಹಳೆ ಟಯರು, ಅಡಿಕೆಗೆ ಹೊದಿಸಿದ ಟರ್ಪಾಲಿನ ಮಡಿಕೆ, ಇವೇ ಡೆಂಗೆ ಸೊಳ್ಳೆಯ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ನೀರು ಆರಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ಉಜ್ಜಿ ಕವುಚಿಡಬೇಕು. ವಾರಕ್ಕೊಮ್ಮೆ, ಆದಿತ್ಯವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ಬಂದರೆ ಅರ್ಧ ಗಂಟೆಯ ಕೆಲಸ.

ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಅದನ್ನು ಕೃಷಿ ಮಾಡಿ ಕಾಪಾಡಲಿಕ್ಕೆ ಎಂದು ಆದಿಕಾಂಡ ಹೇಳುತ್ತದೆ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಮೊಂತಿ ಹಬ್ಬಕ್ಕೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ನಾವು, ತೆನೆ ಕೊಟ್ಟ ಮಣ್ಣಿಗೆ ಬೆಂಕಿ ಕೊಡುವುದು ಸರಿಯಲ್ಲ. ಈ ವರ್ಷ ಪ್ರತಿಯೊಂದು ವಾಳೆಯಲ್ಲೂ ಗುರಿಕಾರರು ಈ ವಿಷಯ ಎತ್ತಲಿ. ಹತ್ತು ಮನೆ ಬೆಂಕಿ ಬಿಟ್ಟರೂ ಸಾಕು, ಬೇಸಗೆಯಲ್ಲಿ ಬಾವಿಯ ಹಗ್ಗವೇ ಅದರ ಫಲವನ್ನು ತೋರಿಸೀತು.